ಸಾಲ ಮಾಡಿ ಮನೆ ತುಂಬಿಸುವ ಮೊದಲು ಐದು ಮೈಲಿ ನೋಡೋಣ



ನಿಮ್ಮ ಸಂಘದ ಸಾಲದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಹಸು ಕೊಳ್ಳಲು, ಮಕ್ಕಳ ಫೀಸು ಕಟ್ಟಲು, ಆಸ್ಪತ್ರೆ ಖರ್ಚಿಗೆ, ಹೊಲಿಗೆ ಯಂತ್ರಕ್ಕೆ ಅಂತ ಬರೆದ ಸಾಲಗಳ ನಡುವೆ ‘ಮನೆ ಸಾಮಾನು’ ಅಂತ ಬರೆದ ಸಾಲ ಎಷ್ಟಿದೆ? ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ಮನೆಯಲ್ಲಿ ಕೂರಿಸಲು ಒಂದು ಸೋಫಾ ಇಲ್ಲ. ಹೊಸ ಮನೆ ಕಟ್ಟಿ ಆಯಿತು, ಗೃಹಪ್ರವೇಶಕ್ಕೆ ನೆಂಟರು ಬರುತ್ತಾರೆ, ಕಿಟಕಿಗೆ ಕರ್ಟನ್ ಇಲ್ಲ, ಗೋಡೆಗೆ ಬಣ್ಣ ಇಲ್ಲ. ಪಕ್ಕದ ಮನೆಯವರು ಷೋಕೇಸ್ ತಂದಿದ್ದಾರೆ, ನಮ್ಮ ಮನೆ ಬೋಳು ಬೋಳಾಗಿ ಕಾಣುತ್ತದೆ. ಇಂಥ ಮಾತು ನಮ್ಮೆಲ್ಲರ ಮನೆಯಲ್ಲೂ ಬಂದೇ ಬರುತ್ತದೆ.

ಮನೆ ಚೆಂದ ಇರಬೇಕು ಅನ್ನುವ ಆಸೆ ತಪ್ಪಲ್ಲ. ದಿನವಿಡೀ ದುಡಿದು ಬಂದ ಹೆಣ್ಣುಮಗಳಿಗೆ ಕೂರಲು ಒಂದು ಒಳ್ಳೆಯ ಜಾಗ, ಕಣ್ಣಿಗೆ ಹಿತವಾದ ಒಂದು ಗೋಡೆ ಬೇಕೇ ಬೇಕು. ಆದರೆ ಈ ಚೆಂದಕ್ಕೆ ನಾವು ಎಷ್ಟು ಬೆಲೆ ಕೊಡುತ್ತಿದ್ದೇವೆ? ಆ ಹಣ ಯಾರ ಕೈಗೆ ಹೋಗುತ್ತಿದೆ? ತಂದ ವಸ್ತು ಎಷ್ಟು ವರ್ಷ ಬಾಳುತ್ತದೆ, ಹಾಳಾದ ಮೇಲೆ ಎಲ್ಲಿಗೆ ಹೋಗುತ್ತದೆ? ‘ಪರಿಸರ ಸ್ನೇಹಿ ಮನೆ’ ಅಂದರೆ ಪಟ್ಟಣದ ಶ್ರೀಮಂತರ ವಿಷಯ ಅಂತ ನಾವು ತಿಳಿದುಕೊಂಡಿದ್ದೇವೆ. ನಿಜವಾಗಿ ನೋಡಿದರೆ ಅದು ನಮ್ಮ ಸಾಲದ ಪುಸ್ತಕದ ವಿಷಯ, ನಮ್ಮ ಮಕ್ಕಳ ಆರೋಗ್ಯದ ವಿಷಯ.

ಮೊದಲು ಒಂದು ಲೆಕ್ಕ

ಸೋಫಾ ಸೆಟ್ಟಿಗೆ ಅಂತ ಒಬ್ಬ ಸದಸ್ಯೆ ಸಂಘದಿಂದ 20,000 ರೂಪಾಯಿ ಸಾಲ ತೆಗೆದರು ಅಂತ ಇಟ್ಟುಕೊಳ್ಳೋಣ. ಬಡ್ಡಿ ತಿಂಗಳಿಗೆ ನೂರಕ್ಕೆ 2 ರೂಪಾಯಿ. ತಿಂಗಳಿಗೆ 1,000 ರೂಪಾಯಿ ಅಸಲು ಕಟ್ಟುತ್ತಾ ಹೋದರೆ ಮೊದಲ ತಿಂಗಳ ಬಡ್ಡಿ 400 ರೂಪಾಯಿ, ಎರಡನೇ ತಿಂಗಳು 380, ಹೀಗೆ ಇಳಿಯುತ್ತಾ 20ನೇ ತಿಂಗಳಿಗೆ ಸಾಲ ತೀರುತ್ತದೆ. ಅಷ್ಟರಲ್ಲಿ ಕಟ್ಟಿದ ಬಡ್ಡಿ 4,200 ರೂಪಾಯಿ. ಅಂದರೆ ಸೋಫಾದ ಬೆಲೆ 24,200 ರೂಪಾಯಿ ಆಯಿತು. ಈ ಬಡ್ಡಿ ಸಂಘದಲ್ಲೇ ಉಳಿಯುತ್ತದೆ, ಅದು ಸಮಾಧಾನ. ಅದೇ ಸೋಫಾವನ್ನು ಅಂಗಡಿಯ ಕಂತಿನಲ್ಲೋ, ಬಡ್ಡಿ ವ್ಯಾಪಾರಿಯ ಹತ್ತಿರವೋ ತಂದರೆ ಆ ಬಡ್ಡಿಯೂ ಊರು ಬಿಟ್ಟು ಹೋಗುತ್ತದೆ.

ಈಗ ಸೋಫಾವನ್ನು ನೋಡೋಣ. ಅಗ್ಗದ ಸೋಫಾ, ಷೋಕೇಸ್, ಟೀವಿ ಸ್ಟ್ಯಾಂಡುಗಳಲ್ಲಿ ಒಳಗೆ ಇರುವುದು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್. ಮರದ ಚೂರು, ಹೊಟ್ಟು ಇವನ್ನು ಅಂಟಿನಲ್ಲಿ ಕಲಸಿ, ಒತ್ತಿ ಹಲಗೆ ಮಾಡಿ, ಮೇಲೆ ಮರದ ಚಿತ್ರ ಇರುವ ಹಾಳೆ ಅಂಟಿಸಿರುತ್ತಾರೆ. ನೋಡಲು ತೇಗದ ಹಾಗೇ ಕಾಣುತ್ತದೆ. ಆದರೆ ನೀರು ಬಿದ್ದರೆ ಉಬ್ಬುತ್ತದೆ. ಒಮ್ಮೆ ಉಬ್ಬಿದರೆ ಮತ್ತೆ ಸರಿಯಾಗುವುದಿಲ್ಲ. ಸ್ಕ್ರೂ ಸಡಿಲವಾದರೆ ಅದೇ ಜಾಗದಲ್ಲಿ ಮತ್ತೆ ಹಿಡಿಯುವುದಿಲ್ಲ. ಊರಿನ ಬಡಗಿಯನ್ನು ಕರೆದರೆ, ‘ಇದಕ್ಕೆ ಮೊಳೆ ಹೊಡೆಯೋಕಾಗಲ್ಲಮ್ಮ’ ಅಂತ ಕೈ ಚೆಲ್ಲುತ್ತಾರೆ. ಮನೆ ಸೋರುವ ಒಂದು ಮಳೆಗಾಲ ಸಾಕು, ಕಂತು ತೀರುವ ಮೊದಲೇ ಸಾಮಾನು ಮೂಲೆ ಸೇರುತ್ತದೆ.

ಐದು ಮೈಲಿಯ ಮಾತು

ಮಹಾತ್ಮ ಗಾಂಧೀಜಿಯವರು 1937ರಲ್ಲಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಆದರ್ಶ ಗ್ರಾಮ ಹೇಗಿರಬೇಕು ಅಂತ ಬರೆದಿದ್ದರು. ಅಲ್ಲಿನ ಮನೆಗಳಿಗೆ ಗಾಳಿ ಬೆಳಕು ಸಾಕಷ್ಟು ಇರಬೇಕು, ಆ ಮನೆಗಳನ್ನು ಊರಿನ ಸುತ್ತ ಐದು ಮೈಲಿಯೊಳಗೆ ಸಿಗುವ ವಸ್ತುಗಳಿಂದಲೇ ಕಟ್ಟಬೇಕು ಎನ್ನುವುದು ಅವರ ಅಭಿಪ್ರಾಯ. ಐದು ಮೈಲಿ ಅಂದರೆ ಈಗಿನ ಲೆಕ್ಕದಲ್ಲಿ ಎಂಟು ಕಿಲೋಮೀಟರ್. ಇಂಗ್ಲೆಂಡಿನಿಂದ ಬಂದು ಕೇರಳದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಗಾಂಧೀಜಿಯ ಈ ಮಾತನ್ನೇ ಹಿಡಿದು ಬಡವರಿಗೂ ಕೈಗೆಟಕುವ ಮನೆಗಳನ್ನು ಕಟ್ಟಿ ತೋರಿಸಿದರು.

ಈ ಮಾತು ಮನೆ ಕಟ್ಟಲು ಮಾತ್ರ ಅಲ್ಲ, ಮನೆ ತುಂಬಿಸಲೂ ಅನ್ವಯಿಸುತ್ತದೆ. ಹೊಸದನ್ನು ಕೊಳ್ಳುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಇದು ಈಗಾಗಲೇ ನಮ್ಮ ಮನೆಯಲ್ಲೇ ಇದೆಯೇ? ರಿಪೇರಿ ಮಾಡಿದರೆ ಆಗುತ್ತದೆಯೇ?
2. ಐದು ಮೈಲಿಯೊಳಗೆ ಇದನ್ನು ಮಾಡುವವರು ಇದ್ದಾರೆಯೇ?
3. ಕೆಟ್ಟರೆ ರಿಪೇರಿ ಮಾಡುವವರು ಹತ್ತಿರ ಸಿಗುತ್ತಾರೆಯೇ?
4. ಪೂರ್ತಿ ಹಾಳಾದ ಮೇಲೆ ಇದು ಮಣ್ಣಿಗೆ ಸೇರುತ್ತದೆಯೇ, ಗುಜರಿಗೆ ಹೋಗುತ್ತದೆಯೇ, ಇಲ್ಲಾ ನಮ್ಮ ತಿಪ್ಪೆಯಲ್ಲೇ ಬಿದ್ದಿರುತ್ತದೆಯೇ?

ಈ ಪ್ರಶ್ನೆಗಳನ್ನು ಇಟ್ಟುಕೊಂಡು ಮನೆಯ ಒಂದೊಂದೇ ಭಾಗವನ್ನು ನೋಡೋಣ.

ಗೋಡೆ

ಸುಣ್ಣ ಬಳಿಯುವುದು ಬಡವರ ಮನೆಗೆ ಅನ್ನುವ ಭಾವನೆ ನಮ್ಮಲ್ಲಿದೆ. ಆದರೆ ಸುಣ್ಣದಲ್ಲಿ ದೊಡ್ಡ ಗುಣಗಳಿವೆ. ಅದರ ಖಾರಕ್ಕೆ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಗೋಡೆಯೊಳಗಿನ ತೇವ ಹೊರಗೆ ಹೋಗಲು ಸುಣ್ಣ ದಾರಿ ಬಿಡುತ್ತದೆ. ಮಣ್ಣಿನ ಗೋಡೆ, ಹಳೆಯ ಗಾರೆ ಗೋಡೆಗೆ ಆಯಿಲ್ ಪೇಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಹಪ್ಪಳದ ಹಾಗೆ ಏಳುತ್ತದೆ.

ಮಾಡುವ ವಿಧಾನ ಹಿರಿಯರಿಗೆ ಗೊತ್ತಿದೆ, ಆದರೂ ನೆನಪಿಸುತ್ತೇವೆ. ಸುಟ್ಟ ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕು. ಕಲ್ಲಿನ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಅಲ್ಯುಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಒಂದೆರಡು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದಿನ ನೀರು ಬೆರೆಸಿದರೆ ಗೋಡೆಗೆ ಒರಗಿದಾಗ ಬಟ್ಟೆಗೆ ಹತ್ತುವುದು ಕಡಿಮೆ. ಒಂದು ಚಿಟಿಕೆ ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ. ಗೋಡೆಯನ್ನು ನೀರಿನಿಂದ ನೆನೆಸಿ, ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಮಕ್ಕಳನ್ನು ದೂರ ಇಡಿ. ಸುಣ್ಣ ಕಣ್ಣಿಗೆ ಬಿದ್ದರೆ ತಡ ಮಾಡದೆ ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ಈಗಾಗಲೇ ಆಯಿಲ್ ಪೇಂಟ್ ಇರುವ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ ಅನ್ನುವುದೂ ಗೊತ್ತಿರಲಿ.

ಪೇಂಟ್ ಹೊಡೆಸುವುದಾದರೆ ಒಂದು ಎಚ್ಚರಿಕೆ. ಮೊದಲು ಬಾಗಿಲು, ಕಿಟಕಿ, ಕಬ್ಬಿಣದ ಗ್ರಿಲ್‌ಗೆ ಹೊಡೆಯುತ್ತಿದ್ದ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಂಥ ಗಾಢ ಬಣ್ಣಗಳಲ್ಲಿ ಸೀಸ ಹೆಚ್ಚಾಗಿ ಇರುತ್ತಿತ್ತು. ಸೀಸ ಸಣ್ಣ ಮಕ್ಕಳ ಮಿದುಳಿನ ಬೆಳವಣಿಗೆಗೆ ಅಡ್ಡಿ ಮಾಡುತ್ತದೆ. ಇಷ್ಟು ಪ್ರಮಾಣ ಇದ್ದರೆ ಅಪಾಯವಿಲ್ಲ ಅಂತ ಹೇಳಲು ಆಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿ, ಮನೆಗೆ ಬಳಸುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅಂತ ಹೇಳಿತು. ಈ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದ್ದರಿಂದ ಡಬ್ಬದ ಮೇಲೆ ಸೀಸದ ಪ್ರಮಾಣ ಬರೆದಿದೆಯೇ ಅಂತ ನೋಡಿ ಕೊಳ್ಳಿ. ಹೆಸರಿಲ್ಲದ, ಬಿಡಿಯಾಗಿ ಮಾರುವ ಬಣ್ಣ ಬೇಡ. ಹಳೆಯ ಬಾಗಿಲಿನ ಬಣ್ಣವನ್ನು ಒಣಗಿದ ಹಾಗೇ ಉಜ್ಜಿ ತೆಗೆಯಬೇಡಿ, ಆ ಧೂಳು ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ನೀರು ಹಾಕಿ ಒದ್ದೆ ಮಾಡಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಗರ್ಭಿಣಿಯರು, ಸಣ್ಣ ಮಕ್ಕಳು ಆ ಹೊತ್ತಿನಲ್ಲಿ ಹತ್ತಿರ ಇರಬಾರದು.

ಗೋಡೆಗೆ ಅಲಂಕಾರ ಬೇಕೇ? ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೆನಪಿಸಿಕೊಳ್ಳಿ. ಕೆಮ್ಮಣ್ಣಿನಿಂದ ಕೆಂಪು, ಅಕ್ಕಿ ಹಿಟ್ಟಿನಿಂದ ಬಿಳಿ, ಹುರಿದು ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಬ್ರಷ್ ಅಂದರೆ ಪುಂಡಿ ನಾರು. ಅಂಗಡಿಯಿಂದ ತಂದದ್ದು ಏನೂ ಇಲ್ಲ. ಅದೇ ಚಿತ್ತಾರ ಈಗ ಚೌಕಟ್ಟು ಹಾಕಿಸಿಕೊಂಡು ಪಟ್ಟಣದ ಮನೆಗಳ ಗೋಡೆ ಏರಿದೆ. ನಮ್ಮ ಊರಲ್ಲೂ ರಂಗೋಲಿಯಲ್ಲಿ ಕೈ ಪಳಗಿದವರಿಗೆ ಬರವಿಲ್ಲ. ಅಂಗಳದ ರಂಗೋಲಿಯನ್ನು ಕೆಮ್ಮಣ್ಣು ಬಳಿದ ಗೋಡೆಯ ಒಂದು ಪಟ್ಟಿಗೆ ಏರಿಸಿದರೆ ಸಾಕು, ಆ ಗೋಡೆಗೆ ಬೇರೆ ಚಿತ್ರ ಬೇಕಾಗಿಲ್ಲ.

ಕೂರಲು, ಮಲಗಲು

ಮೊದಲ ಪ್ರಶ್ನೆಯನ್ನೇ ಕೇಳಿ, ಮನೆಯಲ್ಲಿ ಏನಿದೆ? ಅಟ್ಟದ ಮೇಲೆ ಅಜ್ಜಿಯ ಕಾಲದ ಮರದ ಪೆಟ್ಟಿಗೆ ಇರಬಹುದು. ಅದನ್ನು ತೊಳೆದು, ಒಣಗಿಸಿ, ಅಗಸೆ ಎಣ್ಣೆಯಲ್ಲಿ ಒರೆಸಿ, ಮೇಲೆ ಒಂದು ಮಡಿಸಿದ ಕೌದಿ ಹಾಕಿದರೆ ನಾಲ್ಕು ಜನ ಕೂರಬಹುದು, ಒಳಗೆ ಹಾಸಿಗೆ ಬಟ್ಟೆ ಇಡಬಹುದು. ಒಂದು ಮಾತು, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತುವುದುಂಟು. ಹೊರಗೆ ಹರಡಿ ಒಣಗಿಸಿ. ಕಾಲು ಅಲ್ಲಾಡುವ ಬೆಂಚು, ಪಟ್ಟಿ ಹರಿದ ಮಂಚ ಇದ್ದರೆ ಊರ ಬಡಗಿಗೆ ತೋರಿಸಿ. ಗಟ್ಟಿ ಮರದ ಸಾಮಾನಿನ ಗುಣವೇ ಅದು, ಮತ್ತೆ ಮತ್ತೆ ರಿಪೇರಿ ಮಾಡಬಹುದು.

ಹೊಸದೇ ಬೇಕು ಅಂದರೆ ಹಲಸು, ಮಾವು, ಬೇವಿನಂಥ ಊರ ಮರ ಕೇಳಿ. ತೇಗ, ಬೀಟೆಯೇ ಬೇಕು ಅಂತಿಲ್ಲ. ಹಳೆಯ ಮನೆ ಕೆಡವಿದ ಕಡೆ ತೊಲೆ, ಬಾಗಿಲು, ಹಲಗೆ ಮಾರಾಟಕ್ಕೆ ಸಿಗುತ್ತವೆ. ಹತ್ತಾರು ವರ್ಷ ಒಣಗಿದ ಆ ಮರ ಇನ್ನು ಬಾಗುವುದಿಲ್ಲ, ಹೊಸ ಮರ ಕಡಿಯುವ ಅಗತ್ಯವೂ ಇಲ್ಲ.

ಬಿದಿರು ಇನ್ನೊಂದು ದಾರಿ. ‘ಬಿದಿರಿಗೆ ಕುಟ್ಟೆ ಹಿಡಿಯುತ್ತೆ’ ಅಂತ ಎಲ್ಲರೂ ದೂರುತ್ತಾರೆ. ನಿಜ. ಬಿದಿರಿನೊಳಗಿನ ಗಂಜಿಯ ಅಂಶಕ್ಕೆ ಹುಳ ಬರುತ್ತದೆ. ಅದಕ್ಕೇ ಹಿರಿಯರು ಎಳೆ ಬಿದಿರು ಕಡಿಯುತ್ತಿರಲಿಲ್ಲ, ಕಡಿದದ್ದನ್ನು ಹರಿಯುವ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿ ಇಡುತ್ತಿದ್ದರು. ಈಗ ಇನ್ನೊಂದು ವಿಧಾನವೂ ಇದೆ. 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಕರಗಿಸಿ, ಸೀಳಿದ ಬಿದಿರನ್ನು ಸುಮಾರು ಒಂದು ವಾರ ಅದರಲ್ಲಿ ಮುಳುಗಿಸಿ, ನೆರಳಿನಲ್ಲಿ ಒಣಗಿಸಬೇಕು. ಹೀಗೆ ಮಾಡಿದ ಬಿದಿರು ಕುರ್ಚಿ, ಸ್ಟ್ಯಾಂಡು, ತಡಿಕೆಗೆ ಮಾತ್ರ. ಮೊರ, ಅನ್ನದ ಬುಟ್ಟಿಗೆ ಈ ಔಷಧಿ ಬೇಡ. ಬಿದಿರ ಸಾಮಾನು ಮಳೆಯಲ್ಲಿ ನೆನೆಯದ ಹಾಗೆ, ನೇರವಾಗಿ ಒದ್ದೆ ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ಹಾಸಿಗೆಗೆ ಹತ್ತಿ, ಬೂರುಗದ ಹತ್ತಿ ಅಥವಾ ತೆಂಗಿನ ನಾರು ಒಳ್ಳೆಯದು. ಹತ್ತಿ ಹಾಸಿಗೆ ಗಟ್ಟಿಯಾದರೆ ಬಿಚ್ಚಿ, ಹಿಂಜಿಸಿ, ಮತ್ತೆ ತುಂಬಿಸಬಹುದು. ಫೋಮ್ ಹಾಸಿಗೆ ಒಮ್ಮೆ ತಗ್ಗು ಬಿದ್ದರೆ ಎಸೆಯುವುದೇ ಗತಿ.

ಬೇಲಿಯ ಮುಳ್ಳುಗಿಡದಿಂದ ಸೋಫಾ

ಬೇಲಿಯಲ್ಲಿ ಕೆಂಪು ಹಳದಿ ಹೂಗೊಂಚಲು ಬಿಡುವ, ದನ ತಿಂದರೆ ಕಾಯಿಲೆ ಬೀಳುವ ಮುಳ್ಳುಗಿಡ ನಿಮಗೆಲ್ಲ ಗೊತ್ತು. ಅದರ ಹೆಸರು ಲಂಟಾನ. ಅದು ನಮ್ಮ ನಾಡಿನ ಗಿಡವೇ ಅಲ್ಲ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನು ತಂದದ್ದು ತೋಟದ ಅಲಂಕಾರಕ್ಕೆ! ಆ ಅಲಂಕಾರ ಈಗ ಕಾಡೆಲ್ಲ ಹಬ್ಬಿ ಹುಲ್ಲು ಬೆಳೆಯದ ಹಾಗೆ ಮಾಡಿದೆ. ಕಾಡುಪ್ರಾಣಿಗಳ ಮೇವಿಗೂ ಕುತ್ತು ತಂದಿದೆ. ಚೆಂದಕ್ಕೆ ಅಂತ ಹೊರಗಿನಿಂದ ತಂದದ್ದು ಮುಂದೆ ಏನಾಗುತ್ತದೆ ಅಂತ ಯೋಚಿಸದಿದ್ದರೆ ಹೀಗಾಗುತ್ತದೆ.

ಆದರೆ ಇದೇ ಗಿಡದಿಂದ ಸೋಫಾ, ಕುರ್ಚಿ, ಬುಟ್ಟಿ ಮಾಡಲು ಕಲಿತವರೂ ನಮ್ಮ ರಾಜ್ಯದಲ್ಲಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರಿಗೆ ಮತ್ತು ಬುಟ್ಟಿ ಹೆಣೆಯುವ ಕುಟುಂಬಗಳಿಗೆ ಬೆಂಗಳೂರಿನ ‘ಏಟ್ರೀ’ ಸಂಶೋಧನಾ ಸಂಸ್ಥೆ 2000ದ ದಶಕದಲ್ಲಿ ಇದರ ತರಬೇತಿ ಕೊಟ್ಟಿತು. ಬಿದಿರು ಸಿಗುವುದು ಕಷ್ಟವಾದಾಗ ಕೈಯಲ್ಲಿದ್ದ ಕಸುಬನ್ನು ಲಂಟಾನಕ್ಕೆ ತಿರುಗಿಸಿದರು. ಕಡ್ಡಿಯನ್ನು ನೀರಿನಲ್ಲಿ ಬೇಯಿಸಿ, ತೊಗಟೆ ಸುಲಿದು, ಮೆದುವಾಗಿದ್ದಾಗಲೇ ಬೇಕಾದ ಹಾಗೆ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ನೋಡಲು ಬೆತ್ತದ ಸಾಮಾನಿನ ಹಾಗೇ ಇರುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಹೋದರೆ ಸಿಗುವ ತಮಿಳುನಾಡಿನ ಗೂಡಲೂರಿನಲ್ಲಿ ಆದಿವಾಸಿ ಜನರು ಲಂಟಾನದಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಮಾಡಿದರು. 2021ರಲ್ಲಿ ಆ ಆನೆಗಳು ಲಂಡನ್ ನಗರದ ಉದ್ಯಾನಗಳಲ್ಲಿ ನಿಂತು ಜನರ ಮೆಚ್ಚುಗೆ ಪಡೆದವು. ನಾವು ಕಸ ಅಂತ ಕಡಿದು ಸುಡುವ ಗಿಡ ಅದು!

ಕಾಡಿನಿಂದ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ನಮ್ಮ ಸ್ವಂತ ಹೊಲದ ಬೇಲಿಯದ್ದನ್ನು ಕಡಿದು ಕಲಿಯಲು ಅಡ್ಡಿಯಿಲ್ಲ.

ನೆಲ ಮತ್ತು ಬಟ್ಟೆ

ನೆಲಕ್ಕೆ ಹಾಸುವ ಬಣ್ಣ ಬಣ್ಣದ ಪ್ಲಾಸ್ಟಿಕ್ ಹಾಳೆ ಅಗ್ಗವಾಗಿ ಸಿಗುತ್ತದೆ. ಅದರಡಿ ತೇವ ನಿಂತು ಬೂಷ್ಟು ಬರುತ್ತದೆ, ಹರಿದ ಮೇಲೆ ಯಾವ ಗುಜರಿಯವರೂ ತೆಗೆದುಕೊಳ್ಳುವುದಿಲ್ಲ. ಈಚಲು ಚಾಪೆ, ಜೊಂಡಿನ ಚಾಪೆ, ಹತ್ತಿಯ ಜಮಖಾನ ಇವು ಕೊಡವಿ ಬಿಸಿಲಿಗೆ ಹಾಕಿದರೆ ಹೊಸದಾಗುತ್ತವೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಗಳನ್ನು ಹೆಣ್ಣುಮಕ್ಕಳೇ ಮನೆಯಲ್ಲಿ ನಿಲುವು ಮಗ್ಗದ ಮೇಲೆ ನೇಯುತ್ತಾ ಬಂದಿದ್ದಾರೆ. ಆ ಊರಿನ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಹಳೆಯ ಸೀರೆಗಳನ್ನು ಪಾತ್ರೆಯವರಿಗೆ ಕೊಡುವ ಮೊದಲು ಯೋಚಿಸಿ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಕೈಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರು ಹೊಲಿಯುವ ಕವುದಿಗಳಿಗೆ ಈಗ ದೇಶದ ಹೊರಗೂ ಹೆಸರು ಬಂದಿದೆ. ಹೊದೆಯಲು, ಹಾಸಲು, ಬೆಂಚಿನ ಮೇಲೆ ಮಡಿಸಿ ಹಾಕಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಕೌದಿಗೆ ಸಮಯ ಇಲ್ಲದಿದ್ದರೆ ಕಾಲೊರಸು ಮಾಡಿ. ಹಳೆಯ ಹತ್ತಿ ಸೀರೆಯನ್ನು ಎರಡು ಬೆರಳಗಲದ ಉದ್ದ ಪಟ್ಟಿಗಳಾಗಿ ಹರಿಯಿರಿ. ಮೂರು ಪಟ್ಟಿ ಸೇರಿಸಿ ಜಡೆ ಹೆಣೆಯಿರಿ. ಮುಗಿಯುತ್ತಾ ಬಂದಾಗ ಹೊಸ ಪಟ್ಟಿ ಹೊಲಿದು ಮುಂದುವರಿಸಿ. ಆ ಜಡೆಯನ್ನು ಚಕ್ಕುಲಿ ಹಾಗೆ ಸುತ್ತುತ್ತಾ ದಪ್ಪ ದಾರದಲ್ಲಿ ಅಂಚಿಗೆ ಅಂಚು ಸೇರಿಸಿ ಹೊಲಿಯಿರಿ. ತುಂಬಾ ಎಳೆದು ಹೊಲಿದರೆ ಬಟ್ಟಲಿನ ಹಾಗೆ ಏಳುತ್ತದೆ, ನೆಲದ ಮೇಲೆ ಇಟ್ಟುಕೊಂಡೇ ಹೊಲಿಯಿರಿ. ಸೀರೆಯ ಸೆರಗು, ಅಂಚು ಇರುವ ಭಾಗವನ್ನು ಕಿಟಕಿಯ ಕರ್ಟನ್ನಿಗೆ ಉಳಿಸಿಕೊಳ್ಳಿ.

ಬೆಳಕು, ಗಿಡ, ಹಬ್ಬದ ಅಲಂಕಾರ

ಹೆಂಚಿನ ಮನೆಗೆ ಒಂದೆರಡು ಗಾಜಿನ ಹೆಂಚು ಹಾಕಿಸಿದರೆ ಹಗಲು ಹೊತ್ತು ದೀಪವೇ ಬೇಡ. ರಾತ್ರಿಗೆ ಎಲ್‌ಇಡಿ ಬಲ್ಬು ಹಾಕಿ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ಆಗುತ್ತದೆ. ಹೆಚ್ಚು ಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ.

ಧೂಳು ಹಿಡಿದ ಪ್ಲಾಸ್ಟಿಕ್ ಹೂವಿಗಿಂತ ಜೀವ ಇರುವ ಗಿಡ ಚೆಂದ. ಒಡೆದ ಮಡಕೆ, ಹಳೆಯ ಡಬ್ಬದಲ್ಲಿ ತುಳಸಿ, ಲೋಳೆಸರ, ದೊಡ್ಡಪತ್ರೆ ಬೆಳೆಸಿ. ಅಲಂಕಾರವೂ ಆಯಿತು, ಮನೆಮದ್ದೂ ಆಯಿತು. ಬಾಟಲಿಯ ನೀರಿನಲ್ಲಿ ಮನಿ ಪ್ಲಾಂಟ್ ಇಟ್ಟಿದ್ದರೆ ವಾರಕ್ಕೊಮ್ಮೆ ನೀರು ಚೆಲ್ಲಿ, ಬಾಟಲಿಯ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಡೆಂಗ್ಯೂ ಹರಡುವ ಸೊಳ್ಳೆ ಇಂಥ ನೀರಿನಲ್ಲೇ ಮೊಟ್ಟೆ ಇಡುತ್ತದೆ.

ಹಬ್ಬ, ಮದುವೆ, ಕ್ರಿಸ್‌ಮಸ್ ಗೋದಲಿಗೆ ಥರ್ಮೋಕೋಲ್ ಬಳಸುವ ಅಭ್ಯಾಸ ಬಿಡೋಣ. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಮಾವಿನ ತೋರಣ, ಬಾಳೆಕಂಬ, ತೆಂಗಿನ ಗರಿಯ ಚಪ್ಪರ, ಹುಲ್ಲು, ಬಿದಿರು ಇವಕ್ಕೆ ಸಮ ಯಾವುದಿದೆ? ಕಾರ್ಯ ಮುಗಿದ ಮೇಲೆ ಎಲ್ಲವೂ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಇನ್ನೊಂದು ಮುಖ್ಯ ಮಾತು. ಹರಿದ ಫ್ಲೆಕ್ಸ್, ಪ್ಲಾಸ್ಟಿಕ್ ಹಾಳೆ, ಬಣ್ಣ ಬಳಿದ ಮರ, ಮುರಿದ ಪಾರ್ಟಿಕಲ್ ಬೋರ್ಡ್ ಇವನ್ನು ಬಚ್ಚಲ ಹಂಡೆಯ ಒಲೆಗೆ ಹಾಕಬೇಡಿ. ‘ಚೆನ್ನಾಗಿ ಹತ್ಕೊಳ್ಳುತ್ತೆ’ ಅಂತ ಹಾಕುತ್ತೇವೆ. ಅದರ ಹೊಗೆ ವಿಷ, ಅದನ್ನು ಮೊದಲು ಕುಡಿಯುವವರು ಒಲೆ ಮುಂದೆ ಕೂತ ನಾವೇ. ಬೋರ್ಡಿನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುತ್ತದೆ. ಹೊಸ ಷೋಕೇಸ್ ತಂದಾಗ ಕಣ್ಣು ಉರಿಸುವ ವಾಸನೆ ಬರುವುದು ಅದರಿಂದಲೇ. ಅದು ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ಈಗಾಗಲೇ ಅಂಥ ಸಾಮಾನು ಮನೆಯಲ್ಲಿದ್ದರೆ ಹೆದರಬೇಕಿಲ್ಲ. ಕಿಟಕಿ ತೆರೆದಿಡಿ, ನೀರು ತಾಗದಂತೆ ನೋಡಿಕೊಳ್ಳಿ, ಬಾಳುವಷ್ಟು ದಿನ ಬಳಸಿ.

ಹಳೆಯದೆಲ್ಲ ಒಳ್ಳೆಯದು ಅಂತಲ್ಲ

ಇಷ್ಟೆಲ್ಲ ಓದಿದ ಮೇಲೆ, ‘ಹಾಗಾದರೆ ಅಜ್ಜಿ ಕಾಲಕ್ಕೆ ವಾಪಸ್ ಹೋಗಬೇಕಾ?’ ಅಂತ ನೀವು ಕೇಳಬಹುದು. ಬೇಡ. ವಾರಕ್ಕೊಮ್ಮೆ ಬಗ್ಗಿ ಸಗಣಿ ಸಾರಿಸುವ ನೆಲದ ಕಷ್ಟ ಹೆಂಗಸಿನ ಬೆನ್ನಿಗೇ ಗೊತ್ತು. ಸಿಮೆಂಟು ನೆಲ ಹಾಕಿಸಿಕೊಂಡಿದ್ದರೆ ಒಳ್ಳೆಯದೇ ಆಯಿತು. ದೂರದಿಂದ ನೀರು ಹೊರುವವಳಿಗೆ ಮಣ್ಣಿನ ಕೊಡಕ್ಕಿಂತ ಪ್ಲಾಸ್ಟಿಕ್ ಕೊಡ ಹಗುರ. ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹತ್ತು ವರ್ಷ ಬಾಳಿದರೆ ಅದೂ ದೋಷವಲ್ಲ. ಪರಿಸರದ ಹೆಸರಿನಲ್ಲಿ ಹೆಂಗಸಿನ ಕೆಲಸ ಹೆಚ್ಚಾಗಬಾರದು. ಇರುವುದನ್ನು ಎಸೆದು ‘ಪರಿಸರ ಸ್ನೇಹಿ’ ಅಂತ ಹೊಸದನ್ನು ಕೊಳ್ಳುವುದೂ ಸರಿಯಲ್ಲ. ಇದ್ದದ್ದನ್ನು ಕೊನೆಯವರೆಗೂ ಬಳಸುವುದೇ ಮೊದಲ ಪಾಠ.

ಸಂಘದಲ್ಲಿ ಏನು ಮಾಡಬಹುದು?

ಒಬ್ಬರೇ ಇದನ್ನು ಮಾಡಲು ಹೋದರೆ, ‘ಕೊಳ್ಳಲು ಗತಿಯಿಲ್ಲ, ಅದಕ್ಕೆ ಚಾಪೆ ಹಾಸಿದ್ದಾರೆ’ ಅಂತ ಆಡಿಕೊಳ್ಳುವವರು ಇದ್ದೇ ಇರುತ್ತಾರೆ. ಇಪ್ಪತ್ತು ಮನೆಯವರು ಒಟ್ಟಿಗೆ ಮಾಡಿದರೆ ಅದೇ ಊರಿನ ಪದ್ಧತಿಯಾಗುತ್ತದೆ. ಹೆಣ್ಣು ನೋಡಲು ಬಂದವರು ಸೋಫಾ ನೋಡಿ ಹೆಣ್ಣು ಒಪ್ಪುವುದಾದರೆ, ಅಂಥ ಮನೆಗೆ ಮಗಳನ್ನು ಕೊಡಬೇಕೋ ಬೇಡವೋ ಅಂತ ನಾವೇ ಯೋಚಿಸಬೇಕು.

ಈ ಕೆಲಸಗಳನ್ನು ಮಾಡಿ ನೋಡಿ:

• ಐದು ಮೈಲಿಯೊಳಗೆ ಇರುವ ಬಡಗಿ, ಕುಂಬಾರ, ಬಿದಿರು ಹೆಣೆಯುವ ಮೇದರು, ಚಾಪೆ ನೇಯುವವರು, ಹತ್ತಿ ಹಿಂಜುವವರು, ಹೊಲಿಗೆಯವರು ಇವರ ಪಟ್ಟಿ ಮಾಡಿ ಸಂಘದ ಪುಸ್ತಕದಲ್ಲಿ ಬರೆದಿಡಿ. ಅವರಲ್ಲಿ ನಮ್ಮ ಸದಸ್ಯೆಯರ ಮನೆಯವರೇ ಇರಬಹುದು.
• ಐದಾರು ಮನೆಯವರು ಸೇರಿ ಒಟ್ಟಿಗೆ ಆರ್ಡರ್ ಕೊಡಿ. ಕೆಲಸಗಾರರಿಗೆ ಕೈತುಂಬ ಕೆಲಸ, ನಮಗೆ ಬೆಲೆಯಲ್ಲಿ ಅನುಕೂಲ. ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ, ಅವರೂ ನಮ್ಮ ಹಾಗೇ ದುಡಿಯುವವರು.
• ಮನೆ ಸಾಮಾನಿಗೆ ಸಾಲ ಕೇಳಿದಾಗ ನಾಲ್ಕು ಪ್ರಶ್ನೆಗಳನ್ನು ಸಭೆಯಲ್ಲಿ ಪ್ರೀತಿಯಿಂದ ಕೇಳಿ. ಸಾಲ ಕೊಡದಿರುವುದು ಉದ್ದೇಶವಲ್ಲ, ಸದಸ್ಯೆ ಮೋಸ ಹೋಗಬಾರದು ಅನ್ನುವುದೇ ಉದ್ದೇಶ.
• ಕೌದಿ, ಕಾಲೊರಸು, ಬುಟ್ಟಿ ಇವನ್ನು ಮೊದಲು ಸ್ವಂತ ಮನೆಗೆ ಮಾಡಿ ಕೈ ಪಳಗಿಸಿಕೊಳ್ಳಿ. ಆಮೇಲೆ ಸಂತೆಗೆ, ಮೇಳಕ್ಕೆ ಇಡಿ. ಯಾರು ಕೊಳ್ಳುತ್ತಾರೆ ಅಂತ ತಿಳಿಯದೆ ದೊಡ್ಡ ಬಂಡವಾಳ ಹಾಕಬೇಡಿ.

ಮುಂದಿನ ಸಭೆಯಲ್ಲಿ ಚರ್ಚಿಸಲು

1. ಕಳೆದ ಎರಡು ವರ್ಷದಲ್ಲಿ ನಮ್ಮ ಸಂಘದಿಂದ ಮನೆ ಸಾಮಾನಿಗೆ ಎಷ್ಟು ಸಾಲ ಹೋಗಿದೆ? ಅದರಲ್ಲಿ ಎಷ್ಟು ಸಾಮಾನು ಇನ್ನೂ ಗಟ್ಟಿಯಾಗಿದೆ?
2. ಆ ಹಣದಲ್ಲಿ ಎಷ್ಟು ನಮ್ಮ ಊರಿನವರ ಕೈಗೆ ಬಂದಿದೆ?
3. ನಮ್ಮ ಮನೆಯ ಅಟ್ಟದಲ್ಲಿ ರಿಪೇರಿಗೆ ಕಾದಿರುವ ವಸ್ತು ಯಾವುದು?
4. ನಮ್ಮಲ್ಲಿ ಯಾರಿಗೆ ಯಾವ ಕೈಕೆಲಸ ಬರುತ್ತದೆ? ಯಾರು ಯಾರಿಗೆ ಕಲಿಸಬಹುದು?

ಮುಂದಿನ ವಾರ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಹಳೆಯ ಹತ್ತಿ ಸೀರೆ, ಒಂದು ದಪ್ಪ ಸೂಜಿ ತನ್ನಿ. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿಯುವಷ್ಟರಲ್ಲಿ ಅರ್ಧ ಕಾಲೊರಸು ಆಗಿರುತ್ತದೆ.